ಚಿನ್ನದ ಉಂಗುರದ ಅತಿಥಿ: ಡೊನಾಲ್ಡ್ ಟ್ರಂಪ್ ಮತ್ತು ಅಮೆರಿಕದ ಕ್ರೈಸ್ತ ಮಾಧ್ಯಮ

2011ರ ಏಪ್ರಿಲ್‌ನಲ್ಲಿ ಡೇವಿಡ್ ಬ್ರೋಡಿ ಎಂಬ ಪತ್ರಕರ್ತ ಡೊನಾಲ್ಡ್ ಟ್ರಂಪ್ ಅವರ ಸಂದರ್ಶನ ಮಾಡಿದರು. ಬ್ರೋಡಿ ಕೆಲಸ ಮಾಡುತ್ತಿದ್ದದ್ದು ಸಿಬಿಎನ್‌ನಲ್ಲಿ, ಅಂದರೆ ಕ್ರಿಶ್ಚಿಯನ್ ಬ್ರಾಡ್‌ಕಾಸ್ಟಿಂಗ್ ನೆಟ್‌ವರ್ಕ್‌ನಲ್ಲಿ. ಟ್ರಂಪ್ ಆಗ ಯಾವ ಹುದ್ದೆಯಲ್ಲೂ ಇರಲಿಲ್ಲ. ಎತ್ತರದ ಕಟ್ಟಡಗಳ ಮೇಲೆ ತನ್ನ ಹೆಸರು ಬರೆಸಿಕೊಂಡ ಶ್ರೀಮಂತ, 2004ರಿಂದ ಎನ್‌ಬಿಸಿಯಲ್ಲಿ ಬರುತ್ತಿದ್ದ ‘ದಿ ಅಪ್ರೆಂಟಿಸ್’ ಶೋನ ಯಜಮಾನ ಎಂದಷ್ಟೇ ಜನ ಅವರನ್ನು ಬಲ್ಲರು. 2012ರ ಅಧ್ಯಕ್ಷ ಚುನಾವಣೆಗೆ ನಿಲ್ಲಬಹುದು ಎಂಬ ಸುದ್ದಿ ಹಬ್ಬಿತ್ತು. ಕ್ರೈಸ್ತ ವೀಕ್ಷಕರಿಗೆ ಈ ಮನುಷ್ಯನನ್ನು ಪರಿಚಯಿಸುವ ಕೆಲಸವನ್ನು ಸಿಬಿಎನ್ ಕೈಗೆತ್ತಿಕೊಂಡಿತು.

ಟ್ರಂಪ್ ತಾವು ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡದವರು ಎಂದರು. ನ್ಯೂಯಾರ್ಕಿನ ಕ್ವೀನ್ಸ್‌ನ ಜಮೈಕಾ ಬಡಾವಣೆಯಲ್ಲಿರುವ ಫಸ್ಟ್ ಪ್ರೆಸ್ಬಿಟೇರಿಯನ್ ಚರ್ಚಿಗೆ ಹೋಗುತ್ತಿದ್ದ ದಿನಗಳನ್ನು ನೆನೆದರು. ಕ್ರಿಸ್‌ಮಸ್ ಮತ್ತು ಈಸ್ಟರ್‌ಗೆ ತಪ್ಪದೆ ಚರ್ಚಿಗೆ ಹೋಗುತ್ತೇನೆ ಎಂದರು. ಜನ ತಮಗೆ ಬೈಬಲ್‌ಗಳನ್ನು ಕಳಿಸುತ್ತಾರೆ, ಒಂದನ್ನೂ ಎಸೆಯುವುದಿಲ್ಲ, ಎಲ್ಲವನ್ನೂ ಒಂದು ಒಳ್ಳೆಯ ಜಾಗದಲ್ಲಿ ಇಟ್ಟಿದ್ದೇವೆ ಎಂದೂ ಹೇಳಿದರು. ಆ ಕೊನೆಯ ಉತ್ತರವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಬೈಬಲ್ ಇಟ್ಟುಕೊಂಡ ಮಾತಿದೆ, ಓದಿದ ಮಾತಿಲ್ಲ. ನಮ್ಮ ಊರಿನ ಯಾವ ಭಾನುವಾರದ ಶಾಲೆಯ ಟೀಚರಾದರೂ ಅದನ್ನು ತಟ್ಟನೆ ಹಿಡಿಯುತ್ತಿದ್ದರು, ಅಲ್ವಾ?

ಬ್ರೋಡಿ ಒಬ್ಬರನ್ನೇ ದೂರಲು ಈ ಪ್ರಕರಣವನ್ನು ಬರೆಯುತ್ತಿಲ್ಲ. ಕುರಾನ್ ಬಗ್ಗೆ, ಗರ್ಭಪಾತದ ಬಗ್ಗೆ ಅವರು ಕೇಳಿದರು. ವೀಕ್ಷಕರಿಗೆ ಬೇಕಾದ ವಿಷಯಗಳು ಅವು. ನನ್ನ ತಕರಾರು ಆ ಚೌಕಟ್ಟಿನ ಮೇಲೆ. ಒಬ್ಬ ವ್ಯಾಪಾರಿಯನ್ನು ಕ್ರೈಸ್ತ ಟಿವಿ ಮಾತಾಡಿಸುವಾಗ ‘ನಿಮ್ಮ ನಂಬಿಕೆ ಏನು’ ಎಂದು ಕೇಳುತ್ತದೆ. ‘ನಿಮ್ಮ ವ್ಯಾಪಾರ ಹೇಗೆ ನಡೆಯಿತು, ಯಾರ ಹಣದಲ್ಲಿ ನಡೆಯಿತು, ಯಾರಿಗೆ ಬಾಕಿ ಉಳಿಯಿತು’ ಎಂಬುದು ಆ ಮಾತುಕತೆಯ ನಡುಮನೆಗೆ ಬರುವುದೇ ಇಲ್ಲ. ಮುಂದಿನ ಒಂಬತ್ತು ವರ್ಷಗಳಲ್ಲಿ ನಡೆದದ್ದಕ್ಕೆಲ್ಲ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ.

ವಾಹಿನಿಯ ಹಿನ್ನೆಲೆ

ಸಿಬಿಎನ್ ಕಟ್ಟಿದವರು ಪ್ಯಾಟ್ ರಾಬರ್ಟ್‌ಸನ್. ಅವರ ತಂದೆ ವರ್ಜೀನಿಯಾದ ಸೆನೆಟರ್ ಆಗಿದ್ದವರು. 1960ರ ದಶಕದ ಶುರುವಿನಲ್ಲಿ ಒಂದು ಸಣ್ಣ ಸ್ಟೇಷನ್ ಇಟ್ಟುಕೊಂಡು ವಾಹಿನಿ ಶುರುವಾಯಿತು. ಖರ್ಚು ನಡೆಸಲು ತಿಂಗಳಿಗೆ 10 ಡಾಲರ್ ಕೊಡುವ 700 ಜನ ಬೇಕು ಎಂದು 1963ರಲ್ಲಿ ಕರೆ ಕೊಟ್ಟರು. ‘ದಿ 700 ಕ್ಲಬ್’ ಎಂಬ ಕಾರ್ಯಕ್ರಮದ ಹೆಸರು ಅಲ್ಲಿಂದ ಬಂದದ್ದು. ಅಂದರೆ ಈ ವಾಹಿನಿಯ ಹೊಟ್ಟೆ ತುಂಬಿಸುವವರು ಜಾಹೀರಾತುದಾರರಿಗಿಂತ ಜಾಸ್ತಿ ಕಾಣಿಕೆ ಕೊಡುವ ವೀಕ್ಷಕರೇ. ಇದರಲ್ಲಿ ಒಳ್ಳೆಯದೂ ಇದೆ, ಅಪಾಯವೂ ಇದೆ. ವೀಕ್ಷಕ ಮೆಚ್ಚಿದ ಮನುಷ್ಯನನ್ನು ಗಟ್ಟಿಯಾಗಿ ಪ್ರಶ್ನಿಸಿದರೆ ಮರು ತಿಂಗಳ ಕಾಣಿಕೆಗೆ ಪೆಟ್ಟು ಬೀಳುತ್ತದೆ.

ರಾಬರ್ಟ್‌ಸನ್ 1988ರಲ್ಲಿ ತಾವೇ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದರು. ಪಕ್ಷದ ಅಭ್ಯರ್ಥಿಯ ಆಯ್ಕೆಗೆ ಮೊದಮೊದಲು ಮತ ಹಾಕುವ ಅಯೋವಾ ರಾಜ್ಯದಲ್ಲಿ ಆಗಿನ ಉಪಾಧ್ಯಕ್ಷ, ಹಿರಿಯ ಜಾರ್ಜ್ ಬುಷ್ ಅವರನ್ನು ಹಿಂದಿಕ್ಕಿ ಎರಡನೆಯವರಾಗಿ ಬಂದರು. ವ್ಯಾಪಾರದಲ್ಲೂ ಅವರು ಪಳಗಿದವರೇ. ಲೈಬೀರಿಯಾದ ಚಾರ್ಲ್ಸ್ ಟೇಲರ್ ಸರ್ಕಾರದ ಜೊತೆ 1999ರಲ್ಲಿ ಅವರ ‘ಫ್ರೀಡಂ ಗೋಲ್ಡ್’ ಕಂಪನಿ ಚಿನ್ನದ ಗಣಿ ಒಪ್ಪಂದ ಮಾಡಿಕೊಂಡಿತ್ತು. 2003ರಲ್ಲಿ ಟೇಲರ್ ಅಧಿಕಾರ ಬಿಡಬೇಕು ಎಂದು ಅಮೆರಿಕ ಒತ್ತಾಯಿಸಿದಾಗ ರಾಬರ್ಟ್‌ಸನ್ ತಮ್ಮ ಕಾರ್ಯಕ್ರಮದಲ್ಲೇ ಅದನ್ನು ಟೀಕಿಸಿದರು. ಅದೇ ಟೇಲರ್ ಮೇಲೆ ಮುಂದೆ ಸಿಯೆರಾ ಲಿಯೋನ್‌ನ ಯುದ್ಧಾಪರಾಧಗಳ ಆರೋಪ ಸಾಬೀತಾಯಿತು. ಪ್ರವಚನ, ವ್ಯಾಪಾರ, ರಾಜಕೀಯ ಮೂರೂ ಒಂದೇ ಮೇಜಿನ ಮೇಲೆ ಕೂತಿದ್ದ ಮನೆ ಅದು. ಅಂಥ ಮನೆಗೆ ಬಂದ ಶ್ರೀಮಂತ ಅತಿಥಿಯ ಲೆಕ್ಕಪುಸ್ತಕ ಬಿಚ್ಚಿಸುವವರು ಯಾರು?

ಟ್ರಂಪ್ ಮತ್ತು ಕ್ರೈಸ್ತ ಟಿವಿಯ ನಂಟು ಬ್ರೋಡಿಗಿಂತ ಹಳೆಯದು. 2000ದ ದಶಕದ ಶುರುವಿನಲ್ಲಿ ಫ್ಲೋರಿಡಾದಲ್ಲಿ ಪೌಲಾ ವೈಟ್ ಅವರ ಪ್ರವಚನವನ್ನು ಟಿವಿಯಲ್ಲಿ ನೋಡಿ ಟ್ರಂಪ್ ತಾವಾಗಿ ಫೋನ್ ಮಾಡಿದರು ಎಂದು ವೈಟ್ ಹೇಳುತ್ತಾರೆ. ದೇವರು ನಂಬಿದವರಿಗೆ ಹಣ, ಆರೋಗ್ಯ ಕೊಟ್ಟೇ ಕೊಡುತ್ತಾನೆ ಎಂಬ ಸಮೃದ್ಧಿಯ ಬೋಧನೆ ಅವರದು. 2007ರಲ್ಲಿ ಸೆನೆಟರ್ ಚಕ್ ಗ್ರಾಸ್ಲಿ ಆರು ಟಿವಿ ಸೇವಾಸಂಸ್ಥೆಗಳ ಹಣಕಾಸಿನ ವಿವರ ಕೇಳಿದಾಗ ವೈಟ್ ದಂಪತಿಯ ಸಂಸ್ಥೆಯೂ ಪಟ್ಟಿಯಲ್ಲಿತ್ತು. 2005ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ದೊಡ್ಡ ಸಭೆ ನಡೆಸಿದ ಬೆನ್ನಿ ಹಿನ್ ಅವರ ಸಂಸ್ಥೆಯೂ ಅದರಲ್ಲಿತ್ತು. ವಿಚಾರಣೆ ಯಾವ ಶಿಕ್ಷೆಯೂ ಇಲ್ಲದೆ 2011ರಲ್ಲಿ ಮುಗಿಯಿತು. ಆದರೆ ಈ ಬೋಧನೆಯ ಒಳಗೆ ಕೂತು ನೋಡುವವರಿಗೆ ಹಣವೇ ಆಶೀರ್ವಾದದ ಗುರುತು. ಹಣವಂತ ಎದುರಿಗೆ ಕೂತರೆ ಅವನ ಬದುಕು ಆಗಲೇ ಒಂದು ಸಾಕ್ಷಿ. ಸಾಕ್ಷಿ ಹೇಳುವವರನ್ನು ನಾವು ಸಭೆಯಲ್ಲಿ ಅಡ್ಡಪ್ರಶ್ನೆ ಕೇಳುವುದಿಲ್ಲ. ‘ಹಲ್ಲೆಲೂಯ’ ಎನ್ನುತ್ತೇವೆ.

ಕೇಳದೇ ಉಳಿದ ಲೆಕ್ಕ

2011ರ ಹೊತ್ತಿಗೆ ಟ್ರಂಪ್ ವ್ಯಾಪಾರದ ಬಗ್ಗೆ ಸಾರ್ವಜನಿಕ ದಾಖಲೆಗಳಿಗೆ ಬರವಿರಲಿಲ್ಲ. ಅಟ್ಲಾಂಟಿಕ್ ಸಿಟಿಯಲ್ಲಿ 1990ರ ಏಪ್ರಿಲ್‌ನಲ್ಲಿ ಟ್ರಂಪ್ ತಾಜ್ ಮಹಲ್ ಎಂಬ ಕ್ಯಾಸಿನೊ ತೆರೆಯಿತು. ಅದಕ್ಕೆ 675 ಮಿಲಿಯನ್ ಡಾಲರ್ ಸಾಲಪತ್ರ, ಶೇ 14ರ ಬಡ್ಡಿ. ವರ್ಷ ಕಳೆದ ಸ್ವಲ್ಪಕ್ಕೇ, 1991ರಲ್ಲಿ ಅದು ದಿವಾಳಿ ಕಾಯ್ದೆಯ ಆಶ್ರಯಕ್ಕೆ ಹೋಯಿತು. 1992ರಲ್ಲಿ, 2004ರಲ್ಲಿ, 2009ರಲ್ಲಿ ಮತ್ತೆ ದಿವಾಳಿ ಅರ್ಜಿಗಳು ಬಂದವು.

ಇವುಗಳಿಗಿಂತ ನನ್ನನ್ನು ಕಾಡಿದ್ದು ಒಂದು ಸಣ್ಣ ಸಂಗತಿ. ಫಿಲಡೆಲ್ಫಿಯಾದಲ್ಲಿ ಒಂದು ಕುಟುಂಬ ನಡೆಸುತ್ತಿದ್ದ ಮರಗೆಲಸದ ಸಂಸ್ಥೆ ಇತ್ತು. 1980ರ ದಶಕದಲ್ಲಿ ಅವರು ಟ್ರಂಪ್ ಪ್ಲಾಜಾ ಕ್ಯಾಸಿನೊಗೆ ಜೂಜಿನ ಮೇಜುಗಳ ಅಡಿಭಾಗ, ಕೌಂಟರ್, ಕಪಾಟು ಮಾಡಿಕೊಟ್ಟರು. ಸುಮಾರು 4 ಲಕ್ಷ ಡಾಲರ್‌ನ ಗುತ್ತಿಗೆ. ಕೊನೆಯ ಕಂತು 83,600 ಡಾಲರ್ ಅವರ ಕೈಗೆ ಬರಲೇ ಇಲ್ಲ. ಆ ಸಂಸ್ಥೆಯ ಇಳಿಗಾಲ ಅಲ್ಲಿಂದಲೇ ಶುರುವಾಯಿತು ಎಂದು ಮನೆಯವರು ಹೇಳಿದ್ದಾರೆ. 2016ರ ಜೂನ್‌ನಲ್ಲಿ ಈ ಕತೆಯನ್ನು, ಇದರ ಜೊತೆ ಹಣ ಸಿಗದ ಬಣ್ಣ ಬಳಿಯುವವರು, ಗಾಜು ಕೂರಿಸುವವರು, ಪರಿಚಾರಕರು, ವಕೀಲರವರೆಗೆ ಹತ್ತಾರು ಮೊಕದ್ದಮೆಗಳ ದಾಖಲೆಯನ್ನು ಹೊರತಂದದ್ದು ಯುಎಸ್‌ಎ ಟುಡೇ. ಕೆಲಸ ಸರಿ ಇರಲಿಲ್ಲ, ಅದಕ್ಕೇ ಹಣ ಹಿಡಿದೆ ಎಂಬುದು ಟ್ರಂಪ್ ಕಡೆಯ ಉತ್ತರ.

ಇದು ಕ್ರೈಸ್ತ ಪತ್ರಿಕೆ ಬರೆಯಬೇಕಾಗಿದ್ದ ವರದಿ ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಯಾಕೋಬನ ಪತ್ರದ 5ನೇ ಅಧ್ಯಾಯ ತೆಗೆದು ನೋಡಿ. ಹೊಲ ಕೊಯ್ದವರ ಕೂಲಿ ಹಿಡಿದಿಟ್ಟ ಐಶ್ವರ್ಯವಂತರ ವಿರುದ್ಧ ಆ ಕೂಲಿಯೇ ಕೂಗುತ್ತದೆ ಎಂದು ಅಲ್ಲಿ ಬರೆದಿದೆ. ಅದೇ ಪತ್ರದ 2ನೇ ಅಧ್ಯಾಯದಲ್ಲಿ ಚಿನ್ನದ ಉಂಗುರ ಹಾಕಿಕೊಂಡವನು ಸಭೆಗೆ ಬಂದರೆ ಒಳ್ಳೆಯ ಕುರ್ಚಿ, ಬಡವನಿಗೆ ‘ಅಲ್ಲಿ ನಿಂತುಕೋ’ ಎನ್ನುವ ಪಕ್ಷಪಾತವನ್ನು ಯಾಕೋಬ ನೇರವಾಗಿ ಖಂಡಿಸುತ್ತಾನೆ. ಪ್ರಶ್ನೆಪತ್ರಿಕೆ ಅವರ ಕೈಯಲ್ಲೇ ಇತ್ತು. ಎರಡು ಸಾವಿರ ವರ್ಷದಿಂದ ಇತ್ತು.

ವೇದಿಕೆ ಕೊಟ್ಟ ವಿಶ್ವವಿದ್ಯಾಲಯಗಳು

2012ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿರುವ ಲಿಬರ್ಟಿ ವಿಶ್ವವಿದ್ಯಾಲಯ ಟ್ರಂಪ್ ಅವರನ್ನು ಕರೆಸಿ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಭಾಷಣದಲ್ಲಿ ಟ್ರಂಪ್ ವಿದ್ಯಾರ್ಥಿಗಳಿಗೆ ‘ಸೇಡು ತೀರಿಸಿಕೊಳ್ಳಿ’ ಎಂಬ ಅರ್ಥದ ಬುದ್ಧಿ ಹೇಳಿದರು. ಇನ್ನೊಂದು ಕೆನ್ನೆ ತೋರಿಸು ಎಂದು ಕಲಿಸುವ ಜಾಗದಲ್ಲಿ ಈ ಮಾತು. ಟೀಕೆ ಬಂದಾಗ ವಿಶ್ವವಿದ್ಯಾಲಯ ಅತಿಥಿಯನ್ನೇ ಸಮರ್ಥಿಸಿತು.

2016ರ ಜನವರಿ 18ರಂದು ಅವರು ಮತ್ತೆ ಅಲ್ಲಿಗೆ ಬಂದರು. ಈಗ ಅವರು ಅಭ್ಯರ್ಥಿ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರವನ್ನು ಅಮೆರಿಕದ ಚರ್ಚಿನವರು ಹೇಳುವ ರೀತಿಯಲ್ಲಿ ‘ಸೆಕೆಂಡ್ ಕೊರಿಂಥಿಯನ್ಸ್’ ಎನ್ನದೆ ‘ಟೂ ಕೊರಿಂಥಿಯನ್ಸ್’ ಎಂದುಬಿಟ್ಟರು. ವಿದ್ಯಾರ್ಥಿಗಳು ನಕ್ಕರು, ಟಿವಿಗಳು ಅದನ್ನೇ ತೋರಿಸಿದವು. ನನಗೆ ಆ ತಪ್ಪು ಮುಖ್ಯ ಅನಿಸಲಿಲ್ಲ. ಹೇಳಿಕೊಟ್ಟವರು ಬರೆದುಕೊಟ್ಟಿದ್ದನ್ನು ಅವರು ಓದಿದರು, ಅಷ್ಟೆ. ಮುಖ್ಯವಾದದ್ದು ಅವರನ್ನು ಪರಿಚಯಿಸಿದ, ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ಜೆರ್ರಿ ಫಾಲ್ವೆಲ್ ಜೂನಿಯರ್ ಆಡಿದ ಮಾತು. ಯೇಸು ಕಲಿಸಿದಂತೆ ಇತರರನ್ನು ಪ್ರೀತಿಸುತ್ತ, ಸಹಾಯ ಮಾಡುತ್ತ ಬದುಕುವವರು ಟ್ರಂಪ್ ಎಂದರು. ಎಂಟು ದಿನಕ್ಕೆ ಬಹಿರಂಗ ಬೆಂಬಲ ಘೋಷಿಸಿದರು. ಅಲ್ಲಿಯ ಆಡಳಿತ ಮಂಡಳಿಯಲ್ಲಿದ್ದ ಮಾರ್ಕ್ ಡಿಮಾಸ್ ಇದನ್ನು ಪತ್ರಿಕೆಯ ಮುಂದೆ ಟೀಕಿಸಿದರು. ಆ ವರ್ಷವೇ ಅವರು ಮಂಡಳಿಯಿಂದ ಹೊರಗೆ ಬರಬೇಕಾಯಿತು. ಫೆಬ್ರವರಿ 24ರಂದು ರಾಬರ್ಟ್‌ಸನ್ ಸರದಿ. ತಮ್ಮ ರೀಜೆಂಟ್ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಅಭ್ಯರ್ಥಿಯನ್ನು ಕೂರಿಸಿಕೊಂಡು, ನೀವು ನಮಗೆಲ್ಲ ಸ್ಫೂರ್ತಿ ಎಂದರು. ಸಂದರ್ಶಕ ಹಾಗೂ ಅಭಿಮಾನಿ ಒಬ್ಬರೇ ಆದ ಗಳಿಗೆ ಅದು.

ಒಂದು ವಿಷಯ ಗಮನಿಸಿ. ಟ್ರಂಪ್ ನಂಬಿಕೆಯ ಬಗ್ಗೆ ತೀರಾ ಹರಿತವಾದ ಪ್ರಶ್ನೆ ಕೇಳಿದ್ದು ಫ್ರಾಂಕ್ ಲಂಟ್ಜ್. 2015ರ ಜುಲೈನಲ್ಲಿ, ಅಯೋವಾದ ಏಮ್ಸ್‌ನಲ್ಲಿ ಕ್ರೈಸ್ತ ಸಂಘಟನೆಯೊಂದು ನಡೆಸಿದ ಸಭೆಯಲ್ಲಿ, ಎಂದಾದರೂ ದೇವರಲ್ಲಿ ಕ್ಷಮೆ ಕೇಳಿದ್ದೀರಾ ಎಂದರು. ಕೇಳಿದ ನೆನಪಿಲ್ಲ, ತಪ್ಪಾದರೆ ಸರಿ ಮಾಡಿಕೊಳ್ಳುತ್ತೇನೆ, ದೇವರನ್ನು ಅದರೊಳಗೆ ತರುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಲಂಟ್ಜ್ ಯಹೂದಿ, ಜನಾಭಿಪ್ರಾಯ ಸಮೀಕ್ಷೆ ಅವರ ವೃತ್ತಿ. ಇಷ್ಟದ ಬೈಬಲ್ ವಚನ ಯಾವುದು ಎಂದು ಮೊದಲು ಪಟ್ಟು ಹಿಡಿದದ್ದು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ. ಕ್ರೈಸ್ತ ಬರಹಗಾರರಲ್ಲಿ ಹಿರಿಯ ಅಂಕಣಕಾರ ಕ್ಯಾಲ್ ಥಾಮಸ್, ಯೇಸು ನಿಮಗೆ ಯಾರು ಎಂದು 2016ರ ಜೂನ್‌ನಲ್ಲಿ ನೇರವಾಗಿ ಕೇಳಿದರು. ಕೇಳಲು ಸಾಧ್ಯವಿತ್ತು, ಕೇಳಿದರೆ ಆಕಾಶ ಕಳಚಿ ಬೀಳಲಿಲ್ಲ ಎಂಬುದಕ್ಕೆ ಇದೇ ಪುರಾವೆ.

2016ರ ಅಕ್ಟೋಬರ್

ಅಕ್ಟೋಬರ್ 7ರಂದು, ಹೆಂಗಸರನ್ನು ಒಪ್ಪಿಗೆಯಿಲ್ಲದೆ ಮುಟ್ಟುವ ಬಗ್ಗೆ ಟ್ರಂಪ್ ಕೊಚ್ಚಿಕೊಂಡಿದ್ದ 2005ರ ಧ್ವನಿಮುದ್ರಣ ಹೊರಬಿತ್ತು. ಕ್ರೈಸ್ತ ಮಾಧ್ಯಮ ಎರಡಾಗಿ ಸೀಳಿದ್ದು ಆಗ.

‘ಕ್ರಿಶ್ಚಿಯಾನಿಟಿ ಟುಡೇ’ಯ ಆಂಡಿ ಕ್ರೌಚ್ ಮೂರು ದಿನದೊಳಗೆ ಕಟುವಾದ ಸಂಪಾದಕೀಯ ಬರೆದರು. ಮಾರ್ವಿನ್ ಓಲಾಸ್ಕಿ ಸಂಪಾದಕರಾಗಿದ್ದ ‘ವರ್ಲ್ಡ್’ ಪತ್ರಿಕೆ, ಈ ಮನುಷ್ಯ ಅಧಿಕಾರಕ್ಕೆ ತಕ್ಕವನಲ್ಲ, ಸ್ಪರ್ಧೆಯಿಂದ ಹಿಂದೆ ಸರಿಯಲಿ ಎಂದಿತು. ‘ವರ್ಲ್ಡ್’ ಎಡಪಂಥೀಯ ಪತ್ರಿಕೆ ಖಂಡಿತ ಅಲ್ಲ. ಗರ್ಭಪಾತದ ವಿಷಯದಲ್ಲಿ ಸಿಬಿಎನ್‌ಗೂ ಅದಕ್ಕೂ ವ್ಯತ್ಯಾಸವಿಲ್ಲ. 1998ರಲ್ಲಿ ಲೈಂಗಿಕ ಹಗರಣದಲ್ಲಿ ಸಿಕ್ಕಿದ್ದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ರಾಜೀನಾಮೆ ಕೇಳಿದ ಅಳತೆಗೋಲನ್ನೇ ಅದು ಟ್ರಂಪ್‌ಗೂ ಹಿಡಿಯಿತು. ರಾಬರ್ಟ್‌ಸನ್ ಮಾತ್ರ ತಮ್ಮ ಕಾರ್ಯಕ್ರಮದಲ್ಲಿ, ಇದು ಹನ್ನೊಂದು ವರ್ಷದ ಹಿಂದೆ ಗಂಡಸುತನ ತೋರಿಸಲು ಆಡಿದ ಮಾತು ಎಂದು ತಳ್ಳಿಹಾಕಿದರು.

ಲಿಬರ್ಟಿಯಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಅಲ್ಲಿಯ ವಿದ್ಯಾರ್ಥಿಗಳು ನಡೆಸುವ ಪತ್ರಿಕೆ ‘ಲಿಬರ್ಟಿ ಚಾಂಪಿಯನ್’. ಅದರ ಕ್ರೀಡಾ ಪುಟ ನೋಡಿಕೊಳ್ಳುತ್ತಿದ್ದ ಒಬ್ಬ ವಿದ್ಯಾರ್ಥಿ ಒಂದು ಅಂಕಣ ಬರೆದ. ಆಟಗಾರರ ಬಟ್ಟೆ ಬದಲಿಸುವ ಕೋಣೆಯಲ್ಲಿ ಗಂಡಸರು ಹೀಗೇ ಮಾತಾಡುತ್ತಾರೆ ಎಂದು ಟ್ರಂಪ್ ಸಬೂಬು ಹೇಳಿದ್ದರು. ಆ ಕೋಣೆಯನ್ನು ಚೆನ್ನಾಗಿ ಬಲ್ಲ ಈ ಹುಡುಗ, ನಾನು ಅಲ್ಲಿ ಇಂಥದ್ದನ್ನು ಕೇಳಿಲ್ಲ, ಈ ಸಬೂಬು ಒಪ್ಪಲಾರೆ ಎಂಬ ಧಾಟಿಯಲ್ಲಿ ಬರೆದ. ಫಾಲ್ವೆಲ್ ಜೂನಿಯರ್ ಅದು ಅಚ್ಚಾಗದಂತೆ ತಡೆದರು. ಹುಡುಗ ಅದನ್ನು ಫೇಸ್‌ಬುಕ್‌ನಲ್ಲಿ ಹಾಕಿಕೊಂಡ. ಕ್ರೈಸ್ತ ಪತ್ರಕರ್ತರನ್ನು ತಯಾರು ಮಾಡಬೇಕಾದ ಸಂಸ್ಥೆ ಆ ವಾರ ಕಲಿಸಿದ ಪಾಠ ಇದು. ಅದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನವೆಂಬರ್‌ನಲ್ಲಿ ಬಿಳಿಯ ಇವ್ಯಾಂಜೆಲಿಕಲ್ (ಬೈಬಲ್ಲೇ ಅಂತಿಮ, ಸುವಾರ್ತೆ ಸಾರುವುದು ಕರ್ತವ್ಯ ಎನ್ನುವ ಪ್ರಾಟೆಸ್ಟಂಟ್) ಮತದಾರರಲ್ಲಿ 10ರಲ್ಲಿ 8 ಜನ ಟ್ರಂಪ್‌ಗೆ ಮತ ಹಾಕಿದರು. ಕಪ್ಪು ಜನಾಂಗದ ಕ್ರೈಸ್ತರಲ್ಲಿ ಬಹುಪಾಲು ಜನ ಹಾಕಲಿಲ್ಲ, ಆದ್ದರಿಂದ ‘ಅಮೆರಿಕದ ಕ್ರೈಸ್ತರು’ ಎಂದು ಒಟ್ಟಾಗಿ ಹೇಳುವುದು ತಪ್ಪಾಗುತ್ತದೆ. ಇನ್ನೂ ಯೋಚಿಸಬೇಕಾದ ಅಂಕಿ ಧರ್ಮದ ಬಗ್ಗೆ ಜನಾಭಿಪ್ರಾಯ ಅಳೆಯುವ ಪಿಆರ್‌ಆರ್‌ಐ ಸಂಸ್ಥೆಯ ಸಮೀಕ್ಷೆಯದು. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದವರೂ ಸಾರ್ವಜನಿಕ ಕೆಲಸದಲ್ಲಿ ನೀತಿಯಿಂದ ಇರಬಲ್ಲರು ಎಂದು 2011ರಲ್ಲಿ ಒಪ್ಪಿದ ಬಿಳಿಯ ಇವ್ಯಾಂಜೆಲಿಕಲರು ಶೇ 30. 2016ರ ಅಕ್ಟೋಬರ್‌ನಲ್ಲಿ ಶೇ 72. ಐದು ವರ್ಷದಲ್ಲಿ ಬೈಬಲ್ ಬದಲಾಗಿರಲಿಲ್ಲ. ಈ ತಿರುವಿಗೆ ಮಾಧ್ಯಮವೊಂದೇ ಕಾರಣ ಎನ್ನಲಾರೆ. ನ್ಯಾಯಮೂರ್ತಿಗಳ ನೇಮಕದ ಆಸೆ ಇತ್ತು, ಹಿಲರಿ ಕ್ಲಿಂಟನ್ ಬಗ್ಗೆ ಭಯ ಇತ್ತು. ಆದರೆ ಜನ ದಿನಾ ನೋಡುವ ಪರದೆ ಅವರಿಗೆ ಹೊಸ ಅಳತೆಗೋಲನ್ನು ಒದಗಿಸಿತು.

ಅದರಲ್ಲಿ ತುಂಬ ಓಡಿದ್ದು ಕೋರೆಷನ ಹೋಲಿಕೆ. ಯೆಶಾಯನ 45ನೇ ಅಧ್ಯಾಯದಲ್ಲಿ ದೇವರನ್ನು ಅರಿಯದ ಪಾರಸಿಯ ರಾಜ ಕೋರೆಷ ದೇವಜನರ ಬಿಡುಗಡೆಗೆ ಸಾಧನವಾಗುತ್ತಾನೆ. ಟ್ರಂಪ್ 45ನೇ ಅಧ್ಯಕ್ಷ, ಆದ್ದರಿಂದ ಇವರೇ ಆ ಕೋರೆಷ ಎಂದು ಲ್ಯಾನ್ಸ್ ವಾಲ್ನೌ ಎಂಬ ಬೋಧಕ ಸಾರಿದರು. ‘ಕರಿಸ್ಮಾ’ ಪತ್ರಿಕೆಯ ಸ್ಥಾಪಕ ಸ್ಟೀಫನ್ ಸ್ಟ್ರಾಂಗ್ ದೇವರನ್ನೂ ಟ್ರಂಪ್‌ರನ್ನೂ ಜೋಡಿಸಿ 2017ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಈ ಹೋಲಿಕೆಯ ತೊಂದರೆ ಏನೆಂದರೆ, ಅದು ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸುತ್ತದೆ. ಕೋರೆಷನನ್ನು ಯಾರೂ ಒಳ್ಳೆಯ ನಡತೆಗೆ ಒತ್ತಾಯಿಸುವುದಿಲ್ಲವಲ್ಲ. ರಾಜ ದಾವೀದನಿಗಾದರೋ ಪ್ರವಾದಿ ನಾತಾನನಿದ್ದ. ಅರಮನೆಗೆ ಹೋಗಿ, ತಪ್ಪು ಮಾಡಿದ ಆ ಮನುಷ್ಯ ನೀನೇ ಎಂದ. ಪತ್ರಕರ್ತನಿಗೆ ಹತ್ತಿರದ ಪಾತ್ರ ಬೈಬಲ್‌ನಲ್ಲಿ ಯಾವುದಾದರೂ ಇದ್ದರೆ ಅದು ನಾತಾನನದೇ.

ಬಾಗಿಲು ತೆರೆದ ಮೇಲೆ

ಗೆದ್ದ ಮೇಲೆ ಶ್ವೇತಭವನದ ಬಾಗಿಲು ಕ್ರೈಸ್ತ ಟಿವಿಗೆ ಹಿಂದೆಂದೂ ಇಲ್ಲದಷ್ಟು ತೆರೆಯಿತು. 2017ರ ಜನವರಿಯಲ್ಲೇ ಬ್ರೋಡಿಗೆ ಸಂದರ್ಶನ ಸಿಕ್ಕಿತು. ಜುಲೈನಲ್ಲಿ ರಾಬರ್ಟ್‌ಸನ್ ಅವರಿಗೆ. ದಶಕಗಳ ಕಾಲ ದೊಡ್ಡ ಪತ್ರಿಕೆಗಳಿಂದ ಹೀಯಾಳಿಸಿಕೊಂಡ ಜನರಿಗೆ ಇದು ಎಷ್ಟು ಸಿಹಿಯಾಗಿತ್ತು ಎಂಬುದು ನನಗೆ ಅರ್ಥವಾಗುತ್ತದೆ. ಕೊನೆಗೂ ನಮ್ಮವರನ್ನು ಒಳಗೆ ಕರೆದರು ಎಂಬ ಸಂತೋಷ ಸುಳ್ಳಲ್ಲ. ಆದರೆ ಒಳಗೆ ಹೋದವರಿಗೆ ಮತ್ತೆ ಹೋಗುವ ಆಸೆ ಹುಟ್ಟುತ್ತದೆ, ಕಟು ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ. 2018ರಲ್ಲಿ ಬ್ರೋಡಿ ಇನ್ನೊಬ್ಬರ ಜೊತೆ ಸೇರಿ ಟ್ರಂಪ್ ಅವರ ಆಧ್ಯಾತ್ಮಿಕ ಜೀವನಚರಿತ್ರೆ ಪ್ರಕಟಿಸಿದರು.

ಈ ನಡುವೆ ವ್ಯಾಪಾರದ ಲೆಕ್ಕ ಕೋರ್ಟಿನಲ್ಲಿ ಹೊರಬರುತ್ತಲೇ ಇತ್ತು. ಟ್ರಂಪ್ ಯೂನಿವರ್ಸಿಟಿಗೆ ಹಣ ಕಟ್ಟಿ ಮೋಸಹೋದೆವು ಎಂದ ವಿದ್ಯಾರ್ಥಿಗಳ ಮೊಕದ್ದಮೆ 2016ರ ನವೆಂಬರ್‌ನಲ್ಲಿ 25 ಮಿಲಿಯನ್ ಡಾಲರ್ ರಾಜಿಗೆ ಬಂತು. ದತ್ತಿ ಪ್ರತಿಷ್ಠಾನದ ಹಣ ದುರುಪಯೋಗಕ್ಕೆ 2019ರಲ್ಲಿ ನ್ಯೂಯಾರ್ಕ್ ಕೋರ್ಟು 2 ಮಿಲಿಯನ್ ಡಾಲರ್ ಕಟ್ಟಿಸಿತು. 2024ರ ಮಾರ್ಚ್‌ನಲ್ಲಿ ಗಾಯಕ ಲೀ ಗ್ರೀನ್‌ವುಡ್ ಜೊತೆ ಸೇರಿ ಟ್ರಂಪ್ 59.99 ಡಾಲರ್‌ಗೆ ಒಂದು ಬೈಬಲ್‌ನ ಪ್ರಚಾರಕ್ಕೆ ಇಳಿದರು. ಅದರಿಂದ 3 ಲಕ್ಷ ಡಾಲರ್ ಬಂದಿದೆ ಎಂದು ಆಗಸ್ಟ್‌ನಲ್ಲಿ ತಾವೇ ಆಸ್ತಿ ವಿವರದಲ್ಲಿ ತೋರಿಸಿದರು. ಚೀನಾದಲ್ಲಿ ಒಂದಕ್ಕೆ 3 ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ ಅಚ್ಚಾದ ಬೈಬಲ್‌ಗಳ ಹಡಗು ದಾಖಲೆ ಹುಡುಕಿ ತೆಗೆದದ್ದು ಅಸೋಸಿಯೇಟೆಡ್ ಪ್ರೆಸ್. ಬೈಬಲ್ ಮಾರಾಟದ ವರದಿಯನ್ನೂ ಹೊರಗಿನವರೇ ಮಾಡಬೇಕಾಯಿತು.

ಕನ್ನಡದಲ್ಲಿ ಓದುವ ನಮಗೆ ಇದು ಪರದೇಶದ ಸುದ್ದಿ ಮಾತ್ರ ಎಂದು ನನಗೆ ಅನಿಸುವುದಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಮಿಷನರಿಯ ಪತ್ರಿಕೆಯಾಗಿಯೂ ಅದು ಊರ ವರ್ತಮಾನ, ಸರ್ಕಾರದ ನಿರೂಪಗಳನ್ನು ಅಚ್ಚು ಹಾಕಿತು. ಸುದ್ದಿ ತಿಳಿಸುವುದೂ ಸೇವೆಯೇ ಎಂಬ ತಿಳಿವಳಿಕೆ ನಮ್ಮ ಕರಾವಳಿಯ ಕ್ರೈಸ್ತರಿಗೆ ಹೊಸದೇನಲ್ಲ.

2019ರ ಡಿಸೆಂಬರ್

ಪ್ರಕರಣದ ಬಿಸಿ ಏರಿದ್ದು ಇಲ್ಲಿ. ಉಕ್ರೇನ್ ವಿಷಯದಲ್ಲಿ ಟ್ರಂಪ್ ಮೇಲೆ ಮಹಾಭಿಯೋಗ ಆದ ಮರುದಿನ, ಡಿಸೆಂಬರ್ 19ರಂದು, ‘ಕ್ರಿಶ್ಚಿಯಾನಿಟಿ ಟುಡೇ’ಯ ಮುಖ್ಯ ಸಂಪಾದಕ ಮಾರ್ಕ್ ಗ್ಯಾಲಿ ಟ್ರಂಪ್ ಅವರನ್ನು ಪದವಿಯಿಂದ ತೆಗೆಯಬೇಕು ಎಂದು ಬರೆದರು. 1956ರಲ್ಲಿ ಹೆಸರಾಂತ ಬೋಧಕ ಬಿಲ್ಲಿ ಗ್ರಹಾಂ ಕಟ್ಟಿದ ಪತ್ರಿಕೆ ಅದು. ಕ್ಲಿಂಟನ್ ಬಗ್ಗೆ ತಮ್ಮ ಪತ್ರಿಕೆ ಹಿಂದೆ ಬರೆದದ್ದನ್ನು ಗ್ಯಾಲಿ ಎತ್ತಿ ತೋರಿಸಿದರು. ಆಗ ಬರೆದು ಈಗ ಸುಮ್ಮನಿದ್ದರೆ ನಮ್ಮ ಮಾತನ್ನು ಯಾರು ನಂಬುತ್ತಾರೆ ಎಂಬುದು ಅವರ ವಾದದ ತಿರುಳು. ಟ್ರಂಪ್ ಅದನ್ನು ಎಡಪಂಥೀಯ ಪತ್ರಿಕೆ ಎಂದು ಟ್ವೀಟ್ ಮಾಡಿದರು. ನಮ್ಮ ತಂದೆ ಟ್ರಂಪ್‌ಗೇ ಮತ ಹಾಕಿದ್ದರು ಎಂದು ಬಿಲ್ಲಿ ಅವರ ಮಗ ಫ್ರಾಂಕ್ಲಿನ್ ಗ್ರಹಾಂ ಹೇಳಿದರು. ಸುಮಾರು 200 ಇವ್ಯಾಂಜೆಲಿಕಲ್ ಮುಖಂಡರು ಪ್ರತಿಭಟನೆಯ ಪತ್ರ ಬರೆದರು.

‘ದಿ ಕ್ರಿಶ್ಚಿಯನ್ ಪೋಸ್ಟ್’ನ ಕತೆ ಇದರೊಳಗೆ ಇನ್ನೂ ನೋವಿನದು. ಯಾವ ಅಭ್ಯರ್ಥಿಯ ಪರ, ವಿರೋಧ ನಿಲ್ಲದೇ ಇದ್ದ ಆ ತಾಣ 2016ರ ಫೆಬ್ರವರಿ 29ರಂದು ಮೊದಲ ಸಲ ಬಾಯಿ ಬಿಟ್ಟಿತ್ತು. ಟ್ರಂಪ್ ಒಂದು ಮೋಸ, ಇವ್ಯಾಂಜೆಲಿಕಲರು ದೂರ ಇರಲಿ ಎಂದು ಸಂಪಾದಕೀಯ ಬರೆದಿತ್ತು. ಅದೇ ಸಂಸ್ಥೆ 2019ರ ಡಿಸೆಂಬರ್ 23ರಂದು ‘ಕ್ರಿಶ್ಚಿಯಾನಿಟಿ ಟುಡೇ’ಯನ್ನು ಟೀಕಿಸಿ, ಟ್ರಂಪ್ ಕಡೆ ವಾಲಿದ ಸಂಪಾದಕೀಯ ಸಿದ್ಧಮಾಡಿತು. ಅಲ್ಲಿ ರಾಜಕೀಯ ಸಂಪಾದಕರಾಗಿದ್ದ ನ್ಯಾಪ್ ನಾಜ್‌ವರ್ತ್, ಇದಕ್ಕೆ ನನ್ನ ಹೆಸರು ಜೋಡಿಸಲಾರೆ ಎಂದು ಅಂದೇ ಕೆಲಸ ಬಿಟ್ಟರು. ಕ್ರಿಸ್‌ಮಸ್‌ಗೆ ಎರಡು ದಿನ ಇತ್ತು. ಎರಡೂ ಅಭಿಪ್ರಾಯಗಳಿಗೆ ಜಾಗ ಕೊಡುತ್ತ ಬಂದಿದ್ದ ಪತ್ರಿಕೆ ಒಂದು ಪಾಳೆಯ ಸೇರಿತು ಎಂಬುದು ಅವರ ಸಂಕಟ. ಸಂಬಳ ಬಿಟ್ಟು ಹೊರಬಂದವನ ಸಂಕಟವನ್ನು ಹಗುರವಾಗಿ ಕಾಣಬಾರದು.

2020ರ ಅಕ್ಟೋಬರ್‌ನಲ್ಲಿ ರಾಬರ್ಟ್‌ಸನ್, ಟ್ರಂಪ್ ಗೆಲ್ಲುವುದು ಖಚಿತ, ದೇವರು ತಮಗೆ ತಿಳಿಸಿದ್ದಾನೆ ಎಂದರು. ಟ್ರಂಪ್ ಸೋತರು. ಡಿಸೆಂಬರ್‌ನಲ್ಲಿ ರಾಬರ್ಟ್‌ಸನ್ ಅದೇ ಕುರ್ಚಿಯಿಂದ, ಟ್ರಂಪ್ ವಾಸ್ತವದಿಂದ ದೂರದ ಬೇರೊಂದು ಲೋಕದಲ್ಲಿದ್ದಾರೆ, ಈಗ ಮುಂದಕ್ಕೆ ಸಾಗುವುದು ಒಳ್ಳೆಯದು ಎಂದರು. ಫಾಲ್ವೆಲ್ ಜೂನಿಯರ್ ಅಷ್ಟರಲ್ಲಿ ವೈಯಕ್ತಿಕ ಹಗರಣಗಳ ನಡುವೆ ಲಿಬರ್ಟಿ ಬಿಟ್ಟಾಗಿತ್ತು. 2021ರ ನವೆಂಬರ್‌ನಲ್ಲಿ ಓಲಾಸ್ಕಿಯೂ ‘ವರ್ಲ್ಡ್’ ತೊರೆದರು. ತಾವು ಮೂರು ದಶಕ ಕಟ್ಟಿದ ಪತ್ರಿಕೆಗೆ ಆಡಳಿತ ಮಂಡಳಿ ಅಭಿಪ್ರಾಯಗಳ ಹೊಸ ವಿಭಾಗವೊಂದನ್ನು ಸೇರಿಸಿತ್ತು. ಬೀದಿಗಿಳಿದು ವಿಚಾರಿಸಿ ಬರೆಯುವ ವರದಿಗಾರಿಕೆಯೇ ಪತ್ರಿಕೆಯ ಜೀವ ಎಂದು ನಂಬಿದ್ದ ಅವರಿಗೆ ಆ ದಾರಿ ಒಪ್ಪಿಗೆಯಾಗಲಿಲ್ಲ. ಅವರ ಜೊತೆ ಇನ್ನೂ ಕೆಲವು ವರದಿಗಾರರು ಹೊರನಡೆದರು.